ನೆತ್ತಿಯ ಗುಂಡಿ

ನನ್ನ ನೆತ್ತಿಯಲ್ಲಿ, ಸ್ವಲ್ಪ ಎಡಕ್ಕೆ, ಒಂದು ಗುಂಡಿ ಇದೆ. ಹೆಬ್ಬೆರಳಿನ ತುದಿ ಇಟ್ಟರೆ ಅಲ್ಲಿ ಆರಾಮವಾಗಿ ಕೂರುತ್ತದೆ. ಕೂದಲು ದಟ್ಟವಾಗಿದ್ದಷ್ಟು ಕಾಲ ಅದು ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಅದು ಹೇಗಾಯಿತು ಎನ್ನುವ ಕತೆ ಮಾತ್ರ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತಿತ್ತು. ನನಗೆ ನಾಲ್ಕು ವರ್ಷ, ಅಣ್ಣನಿಗೆ ಹನ್ನೊಂದು. ಅವನು ಅಪ್ಪನ ಸೈಕಲ್ಲನ್ನು ಕೇಳದೆ ತೆಗೆದು, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗಿ, ಮೋರಿಯ ಹತ್ತಿರ ಬೀಳಿಸಿದ. ಅವನ ಎಡಗೈ ಮುರಿಯಿತು, ನನ್ನ ತಲೆ ಒಡೆಯಿತು. ನನಗೆ ಇದ್ಯಾವುದೂ ನೆನಪಿಲ್ಲ. ಹೇಳಿದ್ದನ್ನು ಕೇಳಿ ಕೇಳಿ ನೆನಪಿದ್ದಂತೆ ಆಗಿಹೋಗಿತ್ತು.

ಆ ಪೆಟ್ಟಿನಿಂದ ನನಗೆ ಹದಿನಾಲ್ಕನೇ ವಯಸ್ಸಿನವರೆಗೆ ಫಿಟ್ಸ್ ಬರುತ್ತಿತ್ತು. ಹಡಗಿನಲ್ಲಿ ಕೆಲಸ ಮಾಡಬೇಕೆಂದು ಕನಸು ಕಂಡವನು ನಾನು. ನಮ್ಮ ಕರಾವಳಿಯ ಹುಡುಗರಿಗೆ ಅದೊಂದು ಹುಚ್ಚು. ವೈದ್ಯಕೀಯ ಪರೀಕ್ಷೆಯಲ್ಲಿ ಫಿಟ್ಸಿನ ವಿಷಯ ಎದ್ದು ನನ್ನನ್ನು ಬಾಗಿಲಿನಿಂದಲೇ ಕಳಿಸಿದರು. ಅಂದಿನಿಂದ ಅಣ್ಣನ ಮೇಲೆ ನನಗಿದ್ದ ಸಿಟ್ಟು ಹೆಪ್ಪುಗಟ್ಟಿತು. ಯಾವ ಜಗಳವಾದರೂ ಕೊನೆಗೆ ನಾನು ಅಲ್ಲಿಗೇ ಬರುತ್ತಿದ್ದೆ: ನೀನು ಬೀಳಿಸಿದೆ, ನನ್ನ ಬಾಳು ಹಾಳಾಯಿತು. ಅವನ ಮದುವೆಯ ಚಪ್ಪರದಲ್ಲಿ, ಹೆಣ್ಣಿನ ಕಡೆಯವರ ಎದುರಿಗೆ ಕೂಡ ಹೇಳಿದ್ದೇನೆ. ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ತಪ್ಪು ಮಾಡಿದವನು ಇನ್ನೇನು ಹೇಳುತ್ತಾನೆ ಎಂದು ನಾನು ಅದಕ್ಕೂ ಒಂದು ಅರ್ಥ ಹಚ್ಚಿಕೊಂಡಿದ್ದೆ.

ನನ್ನ ಸಿಟ್ಟಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಮೂಗಿನ ತುದಿಯಲ್ಲಿ ಕೋಪ ಅನ್ನುತ್ತಾರಲ್ಲ, ನನ್ನದು ಬೆರಳ ತುದಿಯಲ್ಲಿ. ಅಬುಧಾಬಿಗೆ ಬಂದ ಮೊದಲ ವರ್ಷವೇ ಫೋನಿನ ರಿಸೀವರನ್ನು ಗೋಡೆಗೆ ಬಡಿದು ಪುಡಿ ಮಾಡಿದೆ. ಖಾಲಿದಿಯಾದ ನಮ್ಮ ಫ್ಲ್ಯಾಟಿನ ಬಚ್ಚಲ ಬಾಗಿಲಿನಲ್ಲಿ ನನ್ನ ಮುಷ್ಟಿಯ ಗಾತ್ರದ ಕುಳಿ ಇತ್ತು, ಅದರ ಮೇಲೆ ಹೆಂಡತಿ ಕ್ಯಾಲೆಂಡರ್ ತೂಗುಹಾಕಿದ್ದಳು. ಮಗಳಿಗೆ ಏಳು ವರ್ಷ. ಮಗ್ಗಿ ತಪ್ಪಿದರೆ ತಲೆಗೆ ಮೊಟಕುತ್ತಿದ್ದೆ, ಅಕ್ಷರ ಸೊಟ್ಟಗಾದರೆ ನನ್ನ ಡ್ರಾಯಿಂಗಿನ ಸ್ಟೀಲ್ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದೆ. ನನ್ನ ಅಪ್ಪ ಶಾಲೆಯ ಹೆಡ್‌ಮಾಷ್ಟ್ರು. ಮಕ್ಕಳನ್ನು ಬೆಳೆಸುವುದು ಹೀಗೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಸ್ಕೇಲು ಗುರಿ ತಪ್ಪಿ ಮಗಳ ಕಿವಿಯ ಹಿಂದೆ ರಕ್ತ ಬಂತು. ಹೆಂಡತಿ ಹತ್ತಿ ಒತ್ತಿ ಹಿಡಿದುಕೊಂಡು, ದನಿ ಏರಿಸದೆ, ನನ್ನ ಮುಖ ನೋಡದೆ ಹೇಳಿದಳು:

“ಇನ್ನೊಂದು ಸಲ ಅವಳ ಮೇಲೆ ಕೈ ಎತ್ತಿ ನೋಡಿ. ನಾನು ಮಗಳನ್ನು ಕರ್ಕೊಂಡು ಊರಿಗೆ ಹೋಗ್ತೇನೆ. ಮತ್ತೆ ನೀವು ಕರೆದ್ರೂ ಬರೋದಿಲ್ಲ.”

ಅವಳು ಆಡಿದ ಮಾತು ಬಿಡುವವಳಲ್ಲ. ನಾನು ಮಗಳ ತಲೆ ಮುಟ್ಟಿ ಆಣೆ ಹಾಕಿದೆ. ಅದೇ ತಲೆ.

ನನ್ನ ಕೆಲಸ ನಕ್ಷೆ ಬರೆಯುವುದು. ಕಟ್ಟಡಗಳ ನಕ್ಷೆಗೆಂದು ಬಂದವನನ್ನು ಕಂಪನಿಯವರು ಒಂದು ಚಳಿಗಾಲದಲ್ಲಿ ಪುರಾತತ್ವದವರ ಅಗೆತದ ತಂಡಕ್ಕೆ ಎರವಲು ಕೊಟ್ಟರು. ಮದೀನತ್ ಜಾಯೆದ್ ಪಟ್ಟಣ ದಾಟಿ ಮರಳಿನಲ್ಲಿ ಇನ್ನೂ ಒಂದು ಗಂಟೆ ಹೋದರೆ ಸಿಗುವ ಜಾಗದಲ್ಲಿ, ರಸ್ತೆಗಾಗಿ ದಿಣ್ಣೆ ಕೆಡವುವಾಗ ಹಳೆಯ ಗೋರಿಗಳು ಸಿಕ್ಕಿದ್ದವು. ಶನಿವಾರದಿಂದ ಗುರುವಾರ ಮಧ್ಯಾಹ್ನದವರೆಗೆ ಅಲ್ಲಿ ಪೋರ್ಟಾ ಕ್ಯಾಬಿನ್ನಿನಲ್ಲಿ ವಾಸ, ಶುಕ್ರವಾರ ಮನೆ. ಆಗ ರಜೆ ಶುಕ್ರವಾರವೇ ಇತ್ತು.

ಎಲುಬುಗಳನ್ನು ನೋಡಿಕೊಳ್ಳುತ್ತಿದ್ದವಳು ಯುರೋಪಿನ ಕಡೆಯ ಒಬ್ಬ ವಯಸ್ಸಾದ ಹೆಂಗಸು. ಸತ್ತವರಿಗೆ ಬದುಕಿದ್ದಾಗ ಯಾವ ರೋಗವಿತ್ತು ಎಂದು ಎಲುಬು ನೋಡಿ ಹೇಳುವುದು ಅವಳ ವಿದ್ಯೆ. ಕೂಲಿಯವರು ಅವಳನ್ನು ಎಲುಬಿನ ಮೇಡಂ ಎಂದು ಅವರವರ ಭಾಷೆಯಲ್ಲಿ ಕರೆಯುತ್ತಿದ್ದರು. ನಾನು ಅವಳ ಮೇಜಿನ ಪಕ್ಕ ಕೂತು ಒಂದೊಂದು ಎಲುಬನ್ನೂ ಇದ್ದ ಗಾತ್ರದಲ್ಲೇ ಬರೆಯಬೇಕಿತ್ತು. ಗುಂಡಿ, ಉಬ್ಬುಗಳ ಅಳತೆಗೆ ಒಂದು ಉಪಕರಣವಿತ್ತು. ಬಾಚಣಿಗೆಯಂತೆ ಸಾಲಾಗಿ ಸಣ್ಣ ಉಕ್ಕಿನ ಸೂಜಿಗಳು, ಯಾವುದಕ್ಕೆ ಒತ್ತಿದರೂ ಸೂಜಿಗಳು ಹಿಂದೆ ಸರಿದು ಅದರ ಆಕಾರವನ್ನು ಹಿಡಿಯುತ್ತವೆ. ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆದರೆ ಮುಗಿಯಿತು. ಗೊತ್ತಿರುವುದನ್ನು ಬರೆಯಬೇಡ, ಕಾಣುವುದನ್ನು ಬರೆ ಎಂದು ಮೇಡಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಕಾಣುತ್ತಿದ್ದುದು ಒಳ್ಳೆಯದೇನಲ್ಲ. ಸಣ್ಣ ಮಗುವಿನ ಬುರುಡೆಯಲ್ಲಿ ಕಣ್ಣುಗೂಡಿನ ಮೇಲ್ಭಾಗ ಸಾಸಿವೆ ಗಾತ್ರದ ತೂತುಗಳಿಂದ ತುಂಬಿರುತ್ತಿತ್ತು. ರಕ್ತ ಸಾಲದೆ, ಬಹುಶಃ ಮಲೇರಿಯಾದಲ್ಲಿ, ಬೆಂದ ಮಗು ಅದು. ಖರ್ಜೂರ ತಿಂದು ತಿಂದು ಹಲ್ಲು ಕೊಳೆತು, ಕೀವು ದವಡೆಯನ್ನೇ ಕೊರೆದು ಹೊರಬಂದ ದಾರಿ ಎಲುಬಿನಲ್ಲಿ ಹಾಗೆಯೇ ಇತ್ತು. ಗೋರಿಯ ಪಕ್ಕದಲ್ಲಿ ಒಂದು ಒಂಟೆಯನ್ನು ಕಾಲು ಮಡಚಿ ಕೂರಿಸಿ ಕತ್ತು ಕುಯ್ದು ಹೂಳಿದ್ದರು. ಕತ್ತಿನ ಮಣಿಯ ಮೇಲೆ ಕತ್ತಿ ಐದಾರು ಸಲ ಜಾರಿದ ಗೀರುಗಳಿದ್ದವು, ಒಂದೇ ಏಟಿಗೆ ಆಗಿರಲಿಲ್ಲ. ಅದರ ಮುಂಗಾಲಿನ ಮಂಡಿಯ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಬದುಕಿದ್ದಾಗ ಪ್ರತಿ ಹೆಜ್ಜೆಗೂ ನೋವು ತಿಂದ ಪ್ರಾಣಿ, ಆದರೂ ಭಾರ ಹೊರಿಸಿದ್ದರು ಎಂದಳು ಮೇಡಂ.

ಆದರೆ ಅವಳ ರೋಗದ ಪಟ್ಟಿಯಲ್ಲಿ ಹೆಚ್ಚು ತುಂಬುತ್ತಿದ್ದುದು ಪೆಟ್ಟಿನ ಕಾಲಂ. ಒಬ್ಬ ಗಂಡಸಿನ ಬುರುಡೆಯಲ್ಲಿ ನಾಲ್ಕು ಒಡಕುಗಳಿದ್ದವು. ಮೂರರ ಅಂಚು ನುಣ್ಣಗಾಗಿತ್ತು, ಅಂದರೆ ಗಾಯ ಮಾಗಿದೆ. ನಾಲ್ಕನೆಯದರ ಅಂಚು ಒಡೆದ ಕರಟದ ಹಾಗೆ ಚೂಪಾಗಿಯೇ ಉಳಿದಿತ್ತು. ಮೂರು ಸಲ ಬದುಕಿಕೊಂಡಿದ್ದಾನೆ, ನಾಲ್ಕನೇ ಸಲ ಇಲ್ಲ. ಪೆಟ್ಟನ್ನು ರೋಗದ ಪಟ್ಟಿಗೆ ಯಾಕೆ ಸೇರಿಸುತ್ತೀರಿ ಎಂದು ಕೇಳಿದೆ. ಈ ಗೋರಿಗಳು ಒಂದೊಂದು ಮನೆತನದವು, ಒಬ್ಬರ ಮೈಮೇಲೆ ಗುರುತು ಸಿಕ್ಕಿದರೆ ಅದೇ ಗೋರಿಯ ಉಳಿದವರ ಮೈಮೇಲೂ ಹುಡುಕಬೇಕು, ಹೆಚ್ಚಾಗಿ ಸಿಗುತ್ತದೆ, ಮಿಕ್ಕ ರೋಗಗಳೂ ಹಾಗೆಯೇ ಎಂದಳು.

ಬಿದ್ದದ್ದು ಯಾವುದು, ಹೊಡೆದದ್ದು ಯಾವುದು ಎಂದು ಹೇಗೆ ತಿಳಿಯುತ್ತದೆ? ಅದಕ್ಕೂ ಅವಳಲ್ಲಿ ಲೆಕ್ಕವಿತ್ತು. ಟೋಪಿ ಹಾಕಿಕೊಂಡರೆ ಅದರ ಅಂಚು ತಲೆಯ ಸುತ್ತ ಎಲ್ಲಿ ಬರುತ್ತದೋ, ಬಿದ್ದ ಗಾಯ ಸಾಮಾನ್ಯವಾಗಿ ಆ ಸುತ್ತಿನಲ್ಲಿರುತ್ತದೆ: ಹಣೆ, ಕಿವಿಯ ಮೇಲ್ಭಾಗ, ಹಿಂದಲೆ. ಟೋಪಿಯ ಒಳಗೆ, ನೆತ್ತಿಯ ಕಡೆ ಇದ್ದರೆ ಮೇಲಿನಿಂದ ಬಂದ ಏಟೆಂದು ಅನುಮಾನ ಪಡಬೇಕು. ಕೈಯ ಲೆಕ್ಕವೂ ಹೀಗೆಯೇ. ಬೀಳುವವನು ಅಂಗೈ ಊರುತ್ತಾನೆ, ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಹೊಡೆತ ತಡೆಯುವವನು ಮುಂಗೈ ಅಡ್ಡ ಹಿಡಿಯುತ್ತಾನೆ, ಆಗ ಕಿರುಬೆರಳ ಕಡೆಯ ಎಲುಬೊಂದೇ ನಡುವಿನಲ್ಲಿ ಮುರಿಯುತ್ತದೆ. ಒಬ್ಬ ಹೆಂಗಸಿನ ಎಡಗೈ ಅದೇ ಜಾಗದಲ್ಲಿ ಎರಡು ಸಲ ಮುರಿದು ಕೂಡಿತ್ತು. ಅದನ್ನು ತೋರಿಸಲು ಮೇಡಂ ನನ್ನ ಕೈಗೆ ಸ್ಕೇಲು ಕೊಟ್ಟು, ಹೊಡೆಯುವ ಹಾಗೆ ಎತ್ತು ಎಂದಳು. ಎತ್ತಿದೆ. ಅವಳ ಮುಂಗೈ ಮುಖದ ಮೇಲಕ್ಕೆ ಬಂತು. ಏಟು ಇಲ್ಲಿಗೇ ಬೀಳುತ್ತದೆ ಎಂದು ಜಾಗ ಮುಟ್ಟಿ ತೋರಿಸಿದಳು. ಆಮೇಲೆ, ನಿನ್ನ ಕೈ ಬಹಳ ಸಲೀಸಾಗಿ ಎದ್ದಿತು ಎಂದು ನಕ್ಕಳು. ನಾನೂ ನಕ್ಕೆ.

ಅಪ್ಪ ತೀರಿಕೊಂಡ ಸುದ್ದಿ ಬಂದದ್ದು ಅದೇ ಫೆಬ್ರವರಿಯಲ್ಲಿ. ನನ್ನ ಪಾಸ್‌ಪೋರ್ಟು ವೀಸಾ ಸ್ಟಾಂಪಿಂಗಿಗೆ ಹೋಗಿತ್ತು. ಕಂಪನಿಯಲ್ಲಿ ವೀಸಾ ನೋಡಿಕೊಳ್ಳುವ ಪಿಆರ್‌ಒ ಎದುರಿಗೆ ಕೂಗಾಡಿದೆ, ಮೇಜು ಗುದ್ದಿದೆ. ಅವನು ಶಾಂತವಾಗಿ “ಮಾಫಿ ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಇಲ್ಲ, ಒಂದು ವಾರ” ಎಂದ. ದುಬೈನಲ್ಲಿದ್ದ ಅಣ್ಣ ಊರಿಗೆ ಹೋಗಿ ಕ್ರಿಯೆಗಳನ್ನು ಮಾಡಿದ. ನಾನು ಖಾಲಿದಿಯಾದ ಒಂದು ಮಲಯಾಳಿ ಸಲೂನಿನಲ್ಲಿ, ಗೋಡೆಯ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದವರ ನಡುವೆ ಕೂತು, ತಲೆ ಬೋಳಿಸಿಕೊಂಡೆ. ಕತ್ತಿ ಗುಂಡಿಯ ಹತ್ತಿರ ಬಂದಾಗ ಆತ ಕೈ ನಿಲ್ಲಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ಮೆಲ್ಲಗೆ ಸುತ್ತು ಹಾಕಿದ. ನಾನು ಅತ್ತೆ. ಅಪ್ಪನೆಂದರೆ ನನಗೆ ಪ್ರಾಣ. ಫಿಟ್ಸ್ ಬಂದಾಗಲೆಲ್ಲ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವರು ಅವರು. ಊರಿನ ಮಕ್ಕಳನ್ನೆಲ್ಲ ಚಚ್ಚುತ್ತಿದ್ದ ಆ ಕೈ ನನ್ನ ಮೇಲೆ ಒಂದು ದಿನವೂ ಬಿದ್ದದ್ದು ನನಗೆ ನೆನಪಿಲ್ಲ. ಅದು ಪ್ರೀತಿಯೆಂದೇ ನಾನು ತಿಳಿದುಕೊಂಡಿದ್ದೆ.

ಶನಿವಾರ ಬೋಳು ತಲೆಯಲ್ಲಿ ಕ್ಯಾಂಪಿಗೆ ಹೋದೆ. ಮೇಡಂ ಸಂತಾಪ ಹೇಳಿದಳು, ಚಹಾ ಕೊಟ್ಟಳು. ನಾನು ಬಗ್ಗಿ ಬರೆಯುತ್ತಿದ್ದೆ. ಅವಳು ನನ್ನ ಹಿಂದಿನಿಂದ ಒಂದು ಡಬ್ಬಿ ತೆಗೆಯಲು ಹೋದವಳು ನಿಂತುಬಿಟ್ಟಳು.

“ಇದು ಯಾರು ಹೊಡೆದದ್ದು?”

ಮೇಜಿನ ಮೇಲಿನ ಬುರುಡೆಯ ವಿಷಯವೆಂದುಕೊಂಡು ಯಾವುದು ಎಂದು ಕೇಳಿದೆ. ಅವಳು ನನ್ನ ನೆತ್ತಿಗೆ ಬೆರಳಿಟ್ಟಳು. ಸೈಕಲ್ಲಿನ ಕತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಸೈಕಲ್ಲಿನಿಂದ ಬಿದ್ದವರಿಗೆ ಇಲ್ಲಿ ಹೀಗೆ ದುಂಡಗೆ ಗಾಯವಾದದ್ದನ್ನು ತಾನು ನೋಡಿಲ್ಲ, ಇದು ದುಂಡು ಮುಖದ ಯಾವುದೋ ವಸ್ತು, ಎದುರಿಗೆ ನಿಂತ ಎತ್ತರದ ಬಲಗೈಯವರು ಬೀಸಿದ್ದು ಎಂದು ಎಂದಿನ ಅಭ್ಯಾಸದಲ್ಲಿ ಹೇಳುತ್ತ ಹೋದಳು. ನಂತರ ತಾನು ಮಾತಾಡುತ್ತಿರುವುದು ಬದುಕಿರುವವನ ಹತ್ತಿರ ಎಂದು ನೆನಪಾಯಿತೋ ಏನೋ, ಕ್ಷಮಿಸು, ನನ್ನದು ತಪ್ಪಿರಬಹುದು ಎಂದಳು.

ನಾನು ಡ್ರಾಯಿಂಗ್ ಬೋರ್ಡನ್ನು ಎತ್ತಿ ಕ್ಯಾಬಿನ್ನಿನ ಗೋಡೆಗೆ ಎಸೆದೆ. ಮಸಿ ಬಾಟಲಿ ಒಡೆಯಿತು. ಅಪ್ಪ ಸತ್ತು ವಾರವಾಗಿಲ್ಲ, ಇವಳು ನನ್ನ ತಲೆಯನ್ನು ಗೋರಿಯ ತಲೆಯ ಹಾಗೆ ಓದುತ್ತಿದ್ದಾಳೆ. ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲೇ ಬೈದು ಹೊರಗೆ ಹೋದೆ. ಅವಳು ಬಗ್ಗಿ ಗಾಜಿನ ಚೂರುಗಳನ್ನು ಹೆಕ್ಕತೊಡಗಿದಳು.

ಆದರೂ ಸಂಜೆ ಸೂಜಿ ಬಾಚಣಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ತಲೆ ಬಗ್ಗಿಸಿ ನೆತ್ತಿಗೆ ಒತ್ತಿದೆ. ಉಕ್ಕು ತಣ್ಣಗಿತ್ತು. ಸೂಜಿಗಳು ಗುಂಡಿಯ ಒಳಗೆ ಇಳಿದವು. ಕಾಗದದ ಮೇಲಿಟ್ಟು ಗೆರೆ ಎಳೆದೆ. ನೂರಾರು ಗೆರೆ ಎಳೆದ ಕೈ ಇದು, ಅಂಥ ಗೆರೆಯನ್ನು ನಾನು ಮೊದಲೂ ಬರೆದಿದ್ದೆ. ನಾಲ್ಕು ಏಟಿನ ಗಂಡಸಿನ ಎರಡನೇ ಗಾಯ ಅದೇ ಥರ ಇತ್ತು. ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದೆ.

ಅಣ್ಣ ಊರಿನಿಂದ ವಾಪಸ್ ಬಂದ ಮೇಲಿನ ಶುಕ್ರವಾರ ದುಬೈನ ಮಿರ್ದಿಫ್‌ನಲ್ಲಿ ಅವನ ಮನೆಯಲ್ಲೇ ಶ್ರದ್ಧಾಂಜಲಿ ಇಟ್ಟುಕೊಂಡರು. ಅಪ್ಪನ ಹಳೆಯ ವಿದ್ಯಾರ್ಥಿಗಳು ದುಬೈ ತುಂಬ ಇದ್ದರು, ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ, ಆಫೀಸುಗಳಲ್ಲಿ. ನಾನು, ಹೆಂಡತಿ, ಮಗಳು ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಹಾಲಿನಲ್ಲಿ ಅಪ್ಪನ ಫೋಟೋಗೆ ಮಲ್ಲಿಗೆ ಹಾರ, ಊದುಬತ್ತಿ. ಫೋಟೋದ ಮುಂದೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಒಂದು ಕೊಡತಿ ಇಟ್ಟಿದ್ದರು. ಶಾಲೆಯ ಗಂಟೆ ಬಾರಿಸುವ ಹುಣಸೆ ಮರದ ಕೊಡತಿ. ಅಪ್ಪ ಅದನ್ನು ಜವಾನನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಿವೃತ್ತಿಯ ದಿನ ಶಾಲೆಯವರು ಅದನ್ನು ಅವರಿಗೇ ಕೊಟ್ಟಿದ್ದರು. ನೆನಪಿಗೆ ಅದನ್ನೇ ತರಬೇಕೆಂದು ವಿದ್ಯಾರ್ಥಿಗಳು ಹಟ ಹಿಡಿದದ್ದರಿಂದ ಅಣ್ಣ ತಂದಿದ್ದ. ವರ್ಷಗಟ್ಟಲೆ ಕಂಚಿಗೆ ಬಡಿದು ಅದರ ದುಂಡು ಮುಖ ನುಣುಪಾಗಿ ಉಬ್ಬಿಕೊಂಡಿತ್ತು.

ಒಬ್ಬೊಬ್ಬರೇ ಎದ್ದು ಮಾತಾಡಿದರು. ಎಲ್ಲರದ್ದೂ ಪೆಟ್ಟಿನ ಕತೆ. ಬೆತ್ತ ಮುರಿದ ಮೇಲೆ ಈ ಕೊಡತಿಯ ಹಿಡಿಯಲ್ಲಿ ಬೆರಳ ಗಂಟಿಗೆ ಕೊಟ್ಟದ್ದು, ಚಡ್ಡಿ ಒದ್ದೆಯಾದದ್ದು, ಬಿಸಿಲಲ್ಲಿ ಜಲ್ಲಿಯ ಮೇಲೆ ಮಂಡಿಯೂರಿಸಿದ್ದು. ಪ್ರತಿ ಕತೆಗೂ ನಗು. ದೊಡ್ಡ ಹೋಟೆಲಿನ ಮ್ಯಾನೇಜರ್ ಒಬ್ಬ, ಮಾಷ್ಟ್ರ ಪೆಟ್ಟು ತಿನ್ನದಿದ್ದರೆ ತಾನು ಇವತ್ತಿಗೂ ಊರಲ್ಲಿ ಬೀಡಿ ಕಟ್ಟಿಕೊಂಡು ಇರುತ್ತಿದ್ದೆ ಎಂದು ಕಣ್ಣೊರೆಸಿಕೊಂಡ. ಅವನ ಎಡಗೈಯ ಉಂಗುರದ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ತಿಂಗಳ ಹಿಂದಾಗಿದ್ದರೆ ನಾನೂ ಅವರ ಜತೆ ನಗುತ್ತಿದ್ದೆ. ಆ ದಿನ ನನ್ನ ಕಣ್ಣು ಕೊಡತಿಯ ಮುಖ ಬಿಟ್ಟು ಅಲ್ಲಾಡಲಿಲ್ಲ.

ಗೋಳಿಬಜೆ, ಚಹಾ ಬಂದು ಜನ ಎದ್ದಾಗ ನಾನು ಕೊಡತಿಯನ್ನು ಎತ್ತಿಕೊಂಡು ಅಣ್ಣನ ಮಲಗುವ ಕೋಣೆಗೆ ಹೋದೆ. ಕಾಗದ ಬಿಡಿಸಿ, ಕೊಡತಿಯ ಮುಖವನ್ನು ಗೆರೆಯ ಮೇಲಿಟ್ಟೆ. ಸರಿಯಾಗಿ ಕೂರಲಿಲ್ಲ. ಗೆರೆ ಸ್ವಲ್ಪ ಅಗಲವಿತ್ತು. ಒಂದು ಕ್ಷಣ ಎಷ್ಟು ಸಂತೋಷವಾಯಿತೆಂದರೆ ಮಂಚದ ಮೇಲೆ ಕೂತುಬಿಟ್ಟೆ. ಆಮೇಲೆ ಮೇಡಂ ಹೇಳಿದ್ದು ನೆನಪಾಯಿತು: ಮಗುವಿನ ಬುರುಡೆ ಬೆಳೆಯುತ್ತದೆ, ಅದರ ಜತೆ ಗಾಯವೂ ಹರಡುತ್ತದೆ. ಇನ್ನೊಂದು ಮಾತೂ ನೆನಪಾಯಿತು. ಒಂದೇ ಮನೆತನದವರಾದರೆ ಉಳಿದವರ ಮೈಮೇಲೂ ಹುಡುಕಬೇಕು.

ಅಷ್ಟರಲ್ಲಿ ಅಣ್ಣ ನನ್ನನ್ನು ಹುಡುಕಿಕೊಂಡು ಒಳಗೆ ಬಂದ. ಅವನದ್ದೂ ಬೋಳು ತಲೆ. ಜುಬ್ಬಾದ ತೋಳು ಮಡಚಿದ್ದ. ಅವನ ಎಡ ಮುಂಗೈ ಸ್ವಲ್ಪ ಬಾಗಿರುವುದು ನನಗೆ ಬುದ್ಧಿ ತಿಳಿದಾಗಿನಿಂದ ಗೊತ್ತು, ಕಂಡು ಕಂಡು ಕಾಣದೇ ಹೋಗಿತ್ತು. ಅವನ ಕೈ ಹಿಡಿದು ಮಣಿಕಟ್ಟು ಒತ್ತಿ ನೋಡಿದೆ, ನೇರವಾಗಿತ್ತು. ಹೆಬ್ಬೆರಳ ಕಡೆಯ ಎಲುಬಿನ ಮೇಲೆ ಉದ್ದಕ್ಕೂ ಬೆರಳು ಎಳೆದೆ, ಅದೂ ನೇರ. ಕಿರುಬೆರಳ ಕಡೆ, ಸರಿಯಾಗಿ ನಡುವಿನಲ್ಲಿ, ಗಂಟು ಸಿಕ್ಕಿತು. ಅಣ್ಣ ಕೈ ಎಳೆದುಕೊಳ್ಳಲಿಲ್ಲ. ಮಂಚದ ಮೇಲಿದ್ದ ಕೊಡತಿಯನ್ನೂ ಕಾಗದವನ್ನೂ ನೋಡಿದ.

“ಸೈಕಲ್ ಇರಲಿಲ್ಲ ಅಲ್ವಾ ಅಣ್ಣ?” ಎಂದೆ.

ಅವನು ಬಾಗಿಲು ಮುಂದೆ ಮಾಡಿ ನನ್ನ ಪಕ್ಕ ಕೂತ.

“ನೀನು ಗಂಟೆ ಬಾರಿಸಿದ್ದು ಮಾರಾಯ. ಅಷ್ಟೇ ಆದದ್ದು.”

ಉಳಿದದ್ದನ್ನು ಅವನು ನೆಲ ನೋಡಿಕೊಂಡೇ ಹೇಳಿದ. ಆ ದಿನ ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದರಂತೆ. ಶಾಲೆಯ ಪಕ್ಕದಲ್ಲೇ ನಮ್ಮ ಮನೆ. ನಾನು ಶಾಲೆಯ ಜಗಲಿ ಹತ್ತಿ, ಅಪ್ಪನ ಕುರ್ಚಿಯ ಮೇಲೆ ನಿಂತು, ಕೊಡತಿ ತೆಗೆದು ಗಂಟೆ ಬಾರಿಸಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಇಡೀ ಶಾಲೆ ಹೋ ಎಂದು ಮನೆಗೆ ಓಡಿತು. ಇನ್‌ಸ್ಪೆಕ್ಟರು ಜೋರಾಗಿ ನಕ್ಕರು. ಅಪ್ಪ ಅವರೆದುರು ತಾವೂ ನಕ್ಕು, ಅವರನ್ನು ಬಸ್ಸು ಹತ್ತಿಸಿ, ಕೊಡತಿ ಹಿಡಿದುಕೊಂಡು ಮನೆಗೆ ಬಂದರು. ನಾನು ಬಾವಿಕಟ್ಟೆಯ ಹತ್ತಿರ ಆಡುತ್ತಿದ್ದೆ. ಅಣ್ಣ ಅಡ್ಡ ಬಂದ. ಮೊದಲ ಏಟು ಅವನ ಕೈಗೆ ಬಿತ್ತು. ಕೈ ಜೋತುಬಿತ್ತು, ಮತ್ತೆ ಎತ್ತಲು ಆಗಲಿಲ್ಲ. ಎರಡನೆಯದು ನನ್ನ ತಲೆಗೆ.

“ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಅಪ್ಪ ಅಳ್ತಾ ಇದ್ರು. ಅಳ್ತಾ ಅಳ್ತಾನೇ ನಂಗೆ ಹೇಳಿ ಕೊಟ್ರು. ಸೈಕಲ್, ಮೋರಿ, ಎಲ್ಲ. ಎರಡು ಸಲ ಒಪ್ಪಿಸ್ಲಿಕ್ಕೆ ಹೇಳಿದ್ರು, ಪದ್ಯ ಒಪ್ಪಿಸಿದ ಹಾಗೆ.”

ನಾನು ಇಷ್ಟು ವರ್ಷ ಅಂದದ್ದನ್ನೆಲ್ಲ ನೀನು ಯಾಕೆ ಕೇಳಿಸಿಕೊಂಡೆ, ಮದುವೆಯ ದಿನವಾದರೂ ಬಾಯಿ ಬಿಡಬಾರದಿತ್ತೇ ಎಂದು ಕೇಳಿದೆ. ನಿನಗೆ ಅಪ್ಪ ಅಂದರೆ ಜೀವ, ನಿನಗೆ ಫಿಟ್ಸ್ ಬಂದಾಗ ಅವರ ತೊಡೆ ಬಿಟ್ಟರೆ ಸಮಾಧಾನವಾಗುತ್ತಿರಲಿಲ್ಲ, ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದ. ಇಷ್ಟು ಹೇಳಿ, ಎದ್ದು ಬಾ, ಹೊರಗೆ ಜನ ಇದ್ದಾರೆ ಎಂದು ನನ್ನ ಬೆನ್ನು ತಟ್ಟಿದ.

ನನ್ನ ಮೈಯೆಲ್ಲ ಉರಿಯುತ್ತಿತ್ತು. ಅಣ್ಣನ ಕಾಲು ಹಿಡಿಯಬೇಕಾದ ಹೊತ್ತು ಅದು, ನಾನು ಹಿಡಿದದ್ದು ಕೊಡತಿಯನ್ನು. ಆ ಫೋಟೋದ ಗಾಜು ಒಡೆಯಬೇಕು. ನಗುತ್ತಿದ್ದವರ ಎದುರಿಗೆ ಬೋಳು ತಲೆ ಬಗ್ಗಿಸಿ, ಇಲ್ಲಿ ನೋಡಿ ನಿಮ್ಮ ಮಾಷ್ಟ್ರ ಪ್ರಸಾದ ಎಂದು ತೋರಿಸಬೇಕು. ಅಣ್ಣ ಹಿಂದಿನಿಂದ “ಬೇಡ ಮಾರಾಯ, ಇವತ್ತು ಬೇಡ” ಎನ್ನುತ್ತ ಬಂದ. ನಾನು ಬಾಗಿಲನ್ನು ಒದ್ದು ಹೊರಗೆ ಕಾಲಿಟ್ಟೆ.

ಪ್ಯಾಸೇಜಿನಲ್ಲಿ ಮಗಳು ಓಡಿ ಬರುತ್ತಿದ್ದಳು, ಕೈಯಲ್ಲಿ ಕೆಂಪು ಶರಬತ್ತಿನ ಲೋಟ. ನನಗೆ ಡಿಕ್ಕಿ ಹೊಡೆದಳು. ಶರಬತ್ತು ನನ್ನ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು, ಲೋಟ ನೆಲಕ್ಕೆ ಬಿದ್ದು ಒಡೆಯಿತು. ನಾನು ಅವಳ ಕಡೆ ತಿರುಗಿದೆ.

ಅವಳ ಎರಡೂ ಮುಂಗೈಗಳು ತಲೆಯ ಮೇಲೆ ಹೋಗಿದ್ದವು. ಮುಖ ಪಕ್ಕಕ್ಕೆ ತಿರುಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. “ಸಾರಿ ಅಪ್ಪ, ಸಾರಿ, ಐ ವಿಲ್ ಕ್ಲೀನ್ ಇಟ್,” ಎನ್ನುತ್ತಿದ್ದಳು. ಎಡಗೈ ಮುಂದೆ, ಬಲಗೈ ಅದರ ಹಿಂದೆ. ಮೇಡಂ ತೋರಿಸಿದ್ದು ಇದನ್ನೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಟ್ಟಿದ್ದೆ.

ನಮ್ಮಿಬ್ಬರ ನಡುವೆ ಇನ್ನೊಂದು ಕೈ ಬಂದಿತ್ತು. ಅಣ್ಣನ ಎಡಗೈ, ಬಾಗಿದ್ದು, ಅಡ್ಡ ಹಿಡಿದದ್ದು. ಅವನು ಯಾವಾಗ ನನ್ನ ಪಕ್ಕದಿಂದ ನುಗ್ಗಿ ಮುಂದೆ ಬಂದನೋ ಗೊತ್ತಿಲ್ಲ. ನಲವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಿದ್ದ, ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ನನ್ನ ತಲೆಯ ಮೇಲೆ ಏನನ್ನೋ ನೋಡುತ್ತಿದ್ದ. ನಾನೂ ಕತ್ತೆತ್ತಿ ನೋಡಿದೆ. ಕೊಡತಿ ಅಲ್ಲಿತ್ತು, ನನ್ನ ಕೈಯಲ್ಲಿ, ಎತ್ತಿ ಹಿಡಿದದ್ದು.

ಹೊಡೆಯುತ್ತಿದ್ದೆನೋ ಇಲ್ಲವೋ ಎಂದು ನನ್ನನ್ನು ನಾನೇ ನೂರು ಸಲ ಕೇಳಿಕೊಂಡಿದ್ದೇನೆ. ಇಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು.

ಕೊಡತಿಯನ್ನು ಅಣ್ಣನ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ, ಗಾಜಿನ ಚೂರುಗಳ ಪಕ್ಕ ಕೂತೆ. ಮಗಳು ಕಣ್ಣು ಬಿಟ್ಟಳು. ಕೈ ಮಾತ್ರ ಇಳಿಸಲಿಲ್ಲ. ನನ್ನನ್ನಲ್ಲ, ದೊಡ್ಡಪ್ಪನನ್ನು ನೋಡಿದಳು. ಅವನು ತಲೆ ಆಡಿಸಿದ ಮೇಲೆ ಇಳಿಸಿದಳು. ಹಾಲಿನಲ್ಲಿ ಯಾರೋ ಇನ್ನೊಂದು ಪೆಟ್ಟಿನ ಕತೆ ಹೇಳುತ್ತಿದ್ದರು, ಜನ ನಗುತ್ತಿದ್ದರು. ಅವರಿಗೆ ನಾನು ಆ ದಿನ ಏನನ್ನೂ ಹೇಳಲಿಲ್ಲ. ಕೊಡತಿಯನ್ನು ಅಣ್ಣ ಏನು ಮಾಡಿದ ಎಂದು ಈವರೆಗೂ ಕೇಳಿಲ್ಲ.

ಹೆಂಡತಿ ಆಡಿದ ಮಾತು ಬಿಡಲಿಲ್ಲ. ಮಾರನೇ ವಾರ ತನಗೂ ಮಗಳಿಗೂ ಊರಿಗೆ ಟಿಕೆಟ್ ಮಾಡಿಸಿದಳು. ನಾನು ತಡೆಯಲಿಲ್ಲ, ತಡೆಯುವ ಮುಖ ನನಗಿರಲಿಲ್ಲ. ಅವರು ತಿರುಗಿ ಬಂದದ್ದು ಒಂದೂವರೆ ವರ್ಷದ ಮೇಲೆ, ಬರುವ ಮೊದಲು ಅವಳು ನನ್ನನ್ನು ಎಷ್ಟು ವಿಧದಲ್ಲಿ ಪರೀಕ್ಷೆ ಮಾಡಿದಳು ಎನ್ನುವುದು ಬೇರೆ ಕತೆ. ಅವರು ಹೊರಡುವ ಮುಂಚಿನ ದಿನ ನಾನು ಕ್ಯಾಂಪಿಗೆ ಹೋಗಿ ಮೇಡಂ ಹತ್ತಿರ ಕ್ಷಮೆ ಕೇಳಿದೆ, ಅವಳು ಸರಿಯೇ ಹೇಳಿದ್ದಳೆಂದು ತಿಳಿಸಿದೆ. ತನ್ನ ಲೆಕ್ಕ ಸರಿಯಾಯಿತೆಂಬ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ. ಹೊಸ ಮಸಿ ಬಾಟಲಿ ತಂದುಕೊಟ್ಟೆ.

ವಿಮಾನ ನಿಲ್ದಾಣದಲ್ಲಿ ಹೆಂಡತಿ ಸಾಲಿನಲ್ಲಿ ನಿಂತಿದ್ದಾಗ ಮಗಳನ್ನು ಎತ್ತಿಕೊಳ್ಳಲೇ ಎಂದು ಕೇಳಿದೆ. ಹಾಗೆ ಮೊದಲು ಕೇಳಿದವನಲ್ಲ. ಅವಳು ಯೋಚಿಸಿ ಹೂಂ ಎಂದಳು. ಎತ್ತಿಕೊಂಡಾಗ ಮೊಳೆಯುತ್ತಿದ್ದ ನನ್ನ ಕೂದಲ ಮೇಲೆ ಅಂಗೈ ಆಡಿಸಿದಳು, ಅವಳ ಬೆರಳಿಗೆ ಗುಂಡಿ ಸಿಕ್ಕಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸೈಕಲ್ಲು, ಮೋರಿ, ಎಲ್ಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಅಜ್ಜ ಹೊಡೆದದ್ದು ಎಂದೆ.

“ವಾಟ್ ಡಿಡ್ ಯು ಡೂ?”

“ಗಂಟೆ ಬಾರಿಸಿದೆ,” ಎಂದೆ.

ಅವಳು ಉಳಿದದ್ದನ್ನು ಹೇಳುತ್ತೇನೆಂದು ನನ್ನ ಮುಖ ನೋಡುತ್ತ ಕಾದಳು. ಉಳಿದದ್ದು ಏನೂ ಇರಲಿಲ್ಲ.